ಸಮುದ್ರಕ್ಕೆ ಹೋದವರಿಗೆ ಗೋಕರ್ಣದ ಮರ್ಯಾದೆ

ನಮ್ಮ ಬೀದಿಯ ಹೆಂಗಸರು ಸೇರಿ ನನ್ನ ಅತ್ತೆಯ ಕಾಲು ತೊಳೆದರು.

ಇದಾಗಿ ಮೂರು ತಿಂಗಳಾಗುತ್ತ ಬಂತು. ಟಾಂಗಾದಿಂದ ಇಳಿದ ಅತ್ತೆ ಇನ್ನೂ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಎದುರು ಮನೆಯ ಪಾರ್ವತಮ್ಮ ತಂಬಿಗೆ ಹಿಡಿದು ಬಂದರು. ಕಾಲಿಗೆ ನೀರು ಹಾಕಿದರು, ಅರಿಸಿನ ಹಚ್ಚಿದರು, ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ ನಮಸ್ಕಾರ ಮಾಡಿದರು. ಅವರ ಹಿಂದೆ ಇನ್ನೂ ಕೆಲವರು ಕಾದು ನಿಂತಿದ್ದರು. ಒಬ್ಬಾಕೆ ಆ ನೀರನ್ನೇ ಬೆರಳಲ್ಲಿ ಮುಟ್ಟಿ ತಲೆಗೆ ಚಿಮುಕಿಸಿಕೊಂಡಳು.

ಅತ್ತೆಗೆ ಏನೂ ಅರ್ಥವಾಗಲಿಲ್ಲ. ಪಕ್ಕದಲ್ಲಿ ಬಿಟ್ಟ ಚಪ್ಪಲಿಯ ಹೊಲಿಗೆಯೊಳಗೆ ಸೇರಿಕೊಂಡಿದ್ದ ಮರಳು ನೀರಿನ ಜೊತೆ ಮೆಟ್ಟಿಲ ಮೇಲೆ ಇಳಿದು ಬಂತು. ಬೇರೆ ಯಾರೂ ಅದನ್ನು ನೋಡಲಿಲ್ಲ. ನಾನು ನೋಡಿದೆ.

ನನಗೆ ಎಲ್ಲ ಅರ್ಥವಾಗಿತ್ತು. ಆ ನೀರು, ಆ ಅರಿಸಿನ, ಆ ನಮಸ್ಕಾರ ಗೋಕರ್ಣದ ಯಾತ್ರೆ ಮುಗಿಸಿ ಬಂದವರಿಗೆ ಸಲ್ಲತಕ್ಕದ್ದು. ನಮ್ಮ ಅತ್ತೆ ಮಾವ ಗೋಕರ್ಣಕ್ಕೆ ಹೋಗಿರಲೇ ಇಲ್ಲ. ಹೋಗಿದ್ದಾರೆ ಅಂತ ಬೀದಿಗೆಲ್ಲ ಹೇಳಿದವಳು ನಾನು.

ಈ ಅಂಕಣದಲ್ಲಿ ನಿಮಗೆ ರೇಷನ್ ಸಕ್ಕರೆಯಿಂದ ಹಿಡಿದು ಉಪ್ಪಿನಕಾಯಿ ಜಾಡಿಯ ತನಕ ಏನೇನೋ ಹೇಳಿದ್ದೇನೆ. ಹೆಚ್ಚಾಗಿ ಬೇರೆಯವರ ತಪ್ಪುಗಳನ್ನೇ ಹೇಳಿದ್ದೇನೆ. ಅದು ಸುಲಭ ನೋಡಿ. ಈ ವಾರ ನನ್ನ ಸರದಿ. (ಹೆಸರುಗಳನ್ನು ಬದಲಿಸಿದ್ದೇನೆ. ಆದರೂ ನಮ್ಮ ಬೀದಿಯವರಿಗೆ ಗೊತ್ತಾಗಿಯೇ ಆಗುತ್ತದೆ. ಗೊತ್ತಾಗಲಿ ಅಂತಲೇ ಬರೆಯುತ್ತಿದ್ದೇನೆ.)

ನಮ್ಮ ಮಾವ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ರಿಟೈರ್ ಆದವರು. ಬೇಸಿಗೆಯಲ್ಲಿ ಅವರಿಗೆ ಯಾವ ತೊಂದರೆಯೂ ಇಲ್ಲ. ಸಂಜೆ ಆನೆಕೊಂಡದ ತನಕ ನಡೆದು, ಮಂಡಕ್ಕಿ ಕಟ್ಟಿಸಿಕೊಂಡು ಬರುವಷ್ಟು ಗಟ್ಟಿ. ದೀಪಾವಳಿ ಕಳೆದು ಬೆಳಗಿನ ಗಾಳಿ ತಣ್ಣಗಾಯಿತೋ, ಎದೆಯೊಳಗೆ ಹಾರ್ಮೋನಿಯಂ ಶುರು. ಮೆಲ್ಲಗೆ ಒಂದು ಸ್ವರ, ಆಮೇಲೆ ಇನ್ನೊಂದು. ಪುಷ್ಯ ಬರುವ ಹೊತ್ತಿಗೆ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿ, ಎರಡೂ ಕೈ ಮಂಡಿಯ ಮೇಲೆ ಊರಿ, ಉಸಿರನ್ನು ಯಾರ ಹತ್ತಿರವೋ ಸಾಲ ಕೇಳುವವರ ಹಾಗೆ ಕೂತಿರುತ್ತಾರೆ. ದಾವಣಗೆರೆಯ ಚಳಿ ದೊಡ್ಡ ಚಳಿಯಲ್ಲ, ಒಪ್ಪುತ್ತೇನೆ. ಆದರೆ ದಮ್ಮು ಇದ್ದವರನ್ನು ಕೇಳಿ.

ಕಳೆದ ವರ್ಷ ಡಾಕ್ಟರು ಸೂಜಿ ಚುಚ್ಚಿ ಚುಚ್ಚಿ ಬೇಸತ್ತು ಅಂದರು, "ಎಷ್ಟೂಂತ ಇಂಜೆಕ್ಷನ್ ಕೊಡ್ಲಿ ರಾಯರೆ? ಚಳಿಗಾಲದಾಗೆ ಸಮುದ್ರದ ಕಡೆ ಹೋಗಿ ಇದ್ದು ಬರ್ರಿ. ಅಲ್ಲಿ ಪುಷ್ಯದಾಗೂ ಬೆಚ್ಚಗಿರ್ತೈತೆ."

ಮಾವನಿಗೆ ಒಳಗೊಳಗೇ ಆಸೆ. ಅವರ ಸರ್ವಿಸಿನಲ್ಲಿ ಒಬ್ಬ ಸಾಹೇಬರು ಡಿಸೆಂಬರ್ ಬಂತೆಂದರೆ ಹೆಂಡತಿಯನ್ನು ಕರೆದುಕೊಂಡು ಕಡಲ ತೀರಕ್ಕೆ ಹೋಗಿಬಿಡುತ್ತಿದ್ದರಂತೆ. "ಸಾಹೇಬ್ರು ಹೋದ್ರೆ ಹವಾ ಚೇಂಜು ಅಂತಿದ್ರು. ನಾವು ಹೋದ್ರೆ ಏನಂತಾರೋ," ಅಂತ ಮಾವ ನಕ್ಕರು.

ಈ ಸಲ ಹಳೆಯ ಸಹೋದ್ಯೋಗಿಯೊಬ್ಬರ ಮೂಲಕ ಹೊನ್ನಾವರದ ಕಡೆ ಒಂದು ಸಣ್ಣ ಊರಲ್ಲಿ ಕೋಣೆ ಗೊತ್ತಾಯಿತು. ಶಿವರಾತ್ರಿ ಮತ್ತು ಬೇಸಿಗೆ ರಜೆಯಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲವಂತೆ. ಮಾರ್ಗಶಿರ, ಪುಷ್ಯದಲ್ಲಿ ಯಾರು ಬರುತ್ತಾರೆ? ಸೀಸನ್ನೇ ಅಲ್ಲ. ಕೋಣೆಗಳೆಲ್ಲ ಖಾಲಿ. ಎಷ್ಟು ದಿನ ಬೇಕಾದರೂ ಇರಿ ಅಂದರಂತೆ ಮನೆಯ ಒಡತಿ.

ಅತ್ತೆ ಮೊದಲು ಒಪ್ಪಲಿಲ್ಲ.

"ಸಮುದ್ರದ ಹತ್ರ ಹೋಗಿ ಏನ್ ಮಾಡಾದು?"

"ಏನೂ ಮಾಡಾದಲ್ಲ. ಕುಂದ್ರಾದು," ಅಂದರು ಮಾವ.

"ಕುಂದ್ರಾಕೆ ಅಷ್ಟು ದೂರ ಹೋಗ್ಬೇಕಾ? ನಮ್ಮ ಕಟ್ಟಿ ಏನಾಗೈತೆ?"

"ಕಟ್ಟಿ ಮ್ಯಾಲೆ ಕುಂತ್ರೆ ನೀನು ಅವರೆಕಾಯಿ ಸುಲಿತೀಯ. ಸುಮ್ನೆ ಎಲ್ಲಿ ಕುಂತೀಯ?"

ಅತ್ತೆ ಗೊಣಗುತ್ತಲೇ ಇದ್ದರು. ಆದರೆ ಮಾರನೆಯ ದಿನ ಖಡಕ್ ರೊಟ್ಟಿ ಬಡಿಯಲು ಕೂತಾಗ ಅವರ ಕೈ ಎಂದಿಗಿಂತ ಚುರುಕಾಗಿತ್ತು. ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಎರಡೆರಡು ಸಲ ಟ್ರಂಕಿಗೆ ಇಟ್ಟು ತೆಗೆದರು. ಮದುವೆಯಾಗಿ ಬಂದಾಗಿನಿಂದ ಅವರು ಊರು ಬಿಟ್ಟದ್ದು ಕುಕ್ಕುವಾಡದ ಮದುವೆಗಳಿಗೆ, ಹರಿಹರದ ಬಾಣಂತನಗಳಿಗೆ, ಇಲ್ಲವೇ ಯಾರಾದರೂ ಸತ್ತಾಗ. ಕೆಲಸವಿಲ್ಲದೆ ಅವರು ಎಲ್ಲಿಗೂ ಹೋದವರಲ್ಲ.

ಸುಳ್ಳು ಹುಟ್ಟಿದ್ದು ಅವರು ಹೊರಡುವ ದಿನ ಬೆಳಿಗ್ಗೆ, ನಲ್ಲಿಯ ಹತ್ತಿರ. ನಮ್ಮ ವಿನೋಬನಗರದಲ್ಲಿ ಎಲ್ಲವೂ ಅಲ್ಲಿಯೇ ಹುಟ್ಟುತ್ತದೆ.

"ಏನವ್ವ ಸುಶೀಲ, ಟ್ರಂಕು ಇಳಿಸೀರಂತೆ? ಎಲ್ಲಿಗೆ ಹೊಂಟಾರೆ ಅತ್ತಿ ಮಾವ?" ಅಂದರು ಪಾರ್ವತಮ್ಮ. ಬಿಂದಿಗೆ ತುಂಬುತ್ತಿತ್ತು. ಸುತ್ತ ನಾಲ್ಕು ಕಿವಿಗಳು.

ಬೆಚ್ಚಗಿರಲು ಹೊರಟಿದ್ದಾರೆ ಅಂತ ಹೇಳಬೇಕಿತ್ತು. ಎಷ್ಟು ಸಣ್ಣ ಉತ್ತರ. ನನ್ನ ಬಾಯಿಂದ ಬಂದದ್ದು "ಗೋಕರ್ಣಕ್ಕೆ."

ಯಾಕೆ? ಈ ತಿಂಗಳುಗಳೆಲ್ಲ ಅದನ್ನೇ ಕೇಳಿಕೊಂಡಿದ್ದೇನೆ. ಗೋಕರ್ಣ ಆ ಊರಿನಿಂದ ದೂರವೇನಲ್ಲ, ಮನಸ್ಸು ಮಾಡಿದರೆ ಹೋಗಿ ಬರಬಹುದು, ಹಾಗಾಗಿ ಇದು ಅರ್ಧ ಸುಳ್ಳು ಅಂತ ಆಗ ಸಮಾಧಾನ ಹೇಳಿಕೊಂಡೆ. ಆದರೆ ನಿಜವಾದ ಕಾರಣ ಬೇರೆ. ಚಳಿಗಾಲದಲ್ಲಿ ವಯಸ್ಸಾದವರನ್ನು ಮನೆಯಿಂದ ಕಳಿಸಿದರೆ ಬೀದಿ ಏನನ್ನುತ್ತದೆ? ಕಾನ್ವೆಂಟ್ ಸೊಸೆ, ಅತ್ತೆ ಮಾವನನ್ನು ಸಾಗಹಾಕಿದಳು. ಆ ಮಾತು ಬಂದೀತು ಅಂತ ಹೆದರಿದೆ.

ಅಷ್ಟೇ ಆಗಿದ್ದರೆ ಒಂದು ರೀತಿ. ಇನ್ನೊಂದೂ ಇತ್ತು, ಅದನ್ನು ಬರೆಯಲು ಪೆನ್ನು ಹಿಂಜರಿಯುತ್ತದೆ. ಅರವತ್ತು ದಾಟಿದ ಗಂಡ ಹೆಂಡತಿ, ಯಾವ ಕೆಲಸವೂ ಇಲ್ಲದೆ, ಅಕ್ಕಪಕ್ಕ ಮರಳಿನ ಮೇಲೆ ಕೂತು ಅಲೆ ನೋಡುವುದು... ಅದನ್ನು ನಾಲ್ಕು ಜನರ ಮುಂದೆ ಹೇಳಲು ನನಗೆ ನಾಚಿಕೆಯಾಯಿತು. ಶಾಲೆಯ ಇಂಗ್ಲಿಷ್ ರೀಡರಿನಲ್ಲಿ ಅಜ್ಜ ಅಜ್ಜಿ ಸೀಸೈಡಿಗೆ ಹೋಗುವ ಒಂದು ಪಾಠವಿತ್ತು. ಅಜ್ಜಿಗೆ ಅಗಲ ಅಂಚಿನ ಹ್ಯಾಟು, ಅಜ್ಜನ ಕೈಯಲ್ಲಿ ತಿಂಡಿಯ ಬುಟ್ಟಿ. ಅದನ್ನು ಬಾಯಿಪಾಠ ಮಾಡಿ, ಸಿಸ್ಟರ್ ಕೈಯಲ್ಲಿ ಗುಡ್ ಅನ್ನಿಸಿಕೊಂಡವಳು ನಾನು. ಪುಸ್ತಕದ ಅಜ್ಜಿ ಹೋದರೆ ಚೆಂದ. ನಮ್ಮ ಅತ್ತೆ, ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಲಿಂಗ, ಕೈಯಲ್ಲಿ ರೊಟ್ಟಿಯ ಗಂಟು, ಅವರು ಹೋದರೆ ಮಾತ್ರ ದೇವರ ಹೆಸರು ಬೇಕು. ಹೀಗಿತ್ತು ನನ್ನ ವಿದ್ಯೆ.

ನಲ್ಲಿಯ ಹತ್ತಿರ ಎಲ್ಲರೂ "ಪುಣ್ಯವಂತರು" ಅಂದರು. ನಾನು ತಲೆ ಆಡಿಸಿದೆ. ಬಿಂದಿಗೆ ತುಂಬಿ ಹೊರಗೆ ಹರಿಯುತ್ತಿದ್ದುದು ಆಮೇಲೆ ಗೊತ್ತಾಯಿತು.

ಘಟ್ಟ ಇಳಿಯುವ ಬಸ್ಸು ಬೆಳಿಗ್ಗೆ ಬೇಗ ಹರಿಹರದಿಂದ. ಅದಕ್ಕೇ ಅತ್ತೆ ಮಾವ ಹಿಂದಿನ ಮಧ್ಯಾಹ್ನವೇ ರೈಲಿನಲ್ಲಿ ಹರಿಹರದ ನೆಂಟರ ಮನೆಗೆ ಹೋದರು. ನಮ್ಮವರು ಆಫೀಸು ಮುಗಿಸಿ, ಹಾಸಿಗೆಯ ಸುರುಳಿ ತೆಗೆದುಕೊಂಡು ಸಂಜೆಯ ಗಾಡಿಗೆ ಹೋಗಿ, ಅವರನ್ನು ಬಸ್ಸು ಹತ್ತಿಸಿ ಬರುವುದು ಅಂತ ಏರ್ಪಾಡು.

ಗಿರಣಿಯ ಸೈರನ್ ಕೂಗಿ ಸ್ವಲ್ಪ ಹೊತ್ತಾಗಿತ್ತು. ಪಾರ್ವತಮ್ಮ ಒಳಗೆ ಬಂದರು. ಸ್ನಾನ ಮಾಡಿ ಮಡಿಸೀರೆ ಉಟ್ಟಿದ್ದರು. ಸೆರಗಿನ ಒಳಗಿಂದ ಹಳದಿ ಬಟ್ಟೆಯ ಒಂದು ಸಣ್ಣ ಗಂಟು ತೆಗೆದರು. ಅರಿಸಿನ ಇನ್ನೂ ಹಸಿಯಾಗಿತ್ತು.

ಮುಡಿಪು.

ಯಾತ್ರೆಗೆ ಹೋಗುವವರ ಕೈಯಲ್ಲಿ ತಮ್ಮ ಹರಕೆಯನ್ನೂ ಕಳಿಸುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ನನಗೆ ಗೊತ್ತಿರದ ವಿಷಯವೇನಲ್ಲ. ಆದರೆ ಸುಳ್ಳು ಹೇಳುವಾಗ ಅದು ನೆನಪಾಗಲಿಲ್ಲ.

"ನಮ್ಮ ಶಾಂತಗೆ ಆರು ತಿಂಗಳು ಈಗ," ಅಂದರು. ಶಾಂತ ಅವರ ಮಗಳು, ಹರಿಹರಕ್ಕೆ ಕೊಟ್ಟಿದ್ದಾರೆ. ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. "ಒಂದು ಬೆಳ್ಳಿ ತೊಟ್ಲು ಐತೆ ಇದರಾಗೆ. ಗೋಕರ್ಣದ ಸ್ವಾಮಿಗೆ ಅಂತ ಹೋದ ವರ್ಷನೇ ಮಾಡಿಸಿಟ್ಟಿದ್ದೆ. ಒಯ್ಯಾಕೆ ಯಾರೂ ಸಿಕ್ಕಿರಲಿಲ್ಲ. ನೀನು ನಲ್ಲಿ ಹತ್ರ ಹೇಳಿದ್ಯಲ್ಲ, ನಂಗೆ ದೇವ್ರೇ ಬಂದು ಹೇಳ್ದಂಗಾತು."

"ಅವರು ಆಗ್ಲೇ ಹೋದ್ರಲ್ರಿ," ಅಂದೆ. ಇಲ್ಲಿಯೇ ತಪ್ಪಿಸಿಕೊಂಡೆ ಅಂತ ಕ್ಷಣ ಹೊತ್ತು ಸಂತೋಷವೂ ಆಯಿತು.

"ನಿಮ್ಮ ಯಜಮಾನ್ರು ಹೋಗ್ತಾರಂತಲ್ಲ ಸಂಜಿ ಗಾಡಿಗೆ. ಅವರ ಕೈಲಿ ಕೊಟ್ರಾತು."

ನಾನು ಕೈ ಚಾಚಿದೆ. ಬೇರೆ ಏನು ಮಾಡಲಿ? ಗಂಟು ತುಂಬ ಹಗುರ. ಅವರು ನನ್ನ ಎರಡೂ ಕೈಗಳನ್ನು ತಮ್ಮ ಕೈಗಳಲ್ಲಿ ಮುಚ್ಚಿ ಹಿಡಿದು, "ಶಾಂತಗೆ ಹೇಳಿ ಕಳಿಸ್ತೀನಿ, ಮುಡಿಪು ಹೋತು, ಇನ್ನ ಹೆದರ್ಬ್ಯಾಡ ಅಂತ," ಅಂದರು.

ನಮ್ಮವರು ಬಂದರು, ಕಾಫಿ ಕುಡಿದರು, ಹಾಸಿಗೆ ಸುರುಳಿ ಹೆಗಲಿಗೇರಿಸಿ ಹೋದರು. ಮುಡಿಪು ಕೊಡಲಿಲ್ಲ. ಕೊಟ್ಟರೆ ಯಾಕೆ ಏನು ಅಂತ ಹೇಳಬೇಕಿತ್ತು. ಅದನ್ನು ದೇವರ ಜಗಲಿಯ ಮೇಲೆ ಇಡಲು ಧೈರ್ಯ ಬರಲಿಲ್ಲ. ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ, ಬಾಬಿನ್ನು, ಗುರುತು ಹಾಕುವ ಸೀಮೆಸುಣ್ಣ, ಬಿದ್ದ ಗುಂಡಿಗಳ ನಡುವೆ ಇಟ್ಟೆ.

ಆಮೇಲೆ ಮೆಷಿನ್ ತುಳಿದಾಗಲೆಲ್ಲ ಡ್ರಾಯರಿನೊಳಗೆ ಏನೋ ಸಣ್ಣಗೆ ಕಿಣಿಕಿಣಿ ಅನ್ನುತ್ತಿತ್ತು. ಕೊನೆಗೆ ಹೊಲಿಯುವುದನ್ನೇ ಬಿಟ್ಟೆ. ಪಕ್ಕದ ಮನೆಯಾಕೆ ರವಿಕೆ ಕೊಟ್ಟು ಕಾದರು. ಸೂಜಿ ಮುರಿದಿದೆ ಅಂದೆ. (ಒಂದು ಸುಳ್ಳಿಗೆ ಎಷ್ಟು ಜನ ನೆಂಟರು ನೋಡಿ.)

ಮಾವನ ಕಾರ್ಡುಗಳು ಬರುತ್ತಿದ್ದವು. ದಮ್ಮು ಇಲ್ಲ. ಬೆಳಿಗ್ಗೆ ಪಂಚೆ ಮೇಲೆ ಕಟ್ಟಿ ನೀರಿನ ಅಂಚಿಗೆ ನಡೆಯುತ್ತಾರೆ. ಸೀಸನ್ ಇಲ್ಲದಾಗ ಯಾಕೆ ಬಂದಿರಿ ಅಂತ ಮೀನುಗಾರರು ಕೇಳುತ್ತಾರೆ. ಮೊದಲ ವಾರ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡಿದ್ದ ನಿನ್ನ ಅತ್ತೆ ಈಗ ಬಲೆ ಎಳೆಯುವುದನ್ನು ನೋಡಲು ನನಗಿಂತ ಮೊದಲೇ ಹೋಗಿ ಕೂರುತ್ತಾಳೆ. ಕಪ್ಪೆಚಿಪ್ಪು ಆರಿಸುತ್ತಾಳೆ. ಯಾಕೆ ಅಂದರೆ ಗೊತ್ತಿಲ್ಲ ಅನ್ನುತ್ತಾಳೆ.

ಆ ಕಾರ್ಡು ಓದಿ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಅತ್ತೆ ಯಾಕೆ ಅಂತ ಗೊತ್ತಿಲ್ಲದೆ ಒಂದು ಕೆಲಸ ಮಾಡುತ್ತಿದ್ದಾರೆ! ಹೊರಗೆ ಬಂದರೆ ಬಾಗಿಲಲ್ಲಿ ಪಾರ್ವತಮ್ಮ.

"ಕಾಗದ ಬಂತಾ? ದರ್ಶನ ಆತಂತಾ?"

"ಆತಂತ್ರಿ," ಅಂದೆ.

"ಮುಡಿಪು?"

"ಒಪ್ಪಿಸಿದಾರಂತೆ."

ಅವರು ಅಲ್ಲಿಯೇ, ಹೊಸಿಲಿನ ಮೇಲೆಯೇ, ಕಣ್ಣು ಮುಚ್ಚಿ ಕೈ ಮುಗಿದರು. ನನ್ನ ಕೈಯಲ್ಲಿ ಕಾರ್ಡು. ಅವರಿಗೆ ಓದು ಬರುವುದಿಲ್ಲ. ಬರುತ್ತಿದ್ದರೆ ನಾನು ಹಾಗೆ ಹೇಳುತ್ತಿದ್ದೆನೇ? ಕಾನ್ವೆಂಟಿನಲ್ಲಿ ಸುಳ್ಳು ಹೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆ ಹೊತ್ತು ನನ್ನನ್ನು ನಿಲ್ಲಿಸಲು ಯಾರೂ ಇರಲಿಲ್ಲ.

ಸಂಕ್ರಾಂತಿ ಕಳೆದು ಅತ್ತೆ ಮಾವ ಬಂದರು. ಮಾವನ ಮುಖ ಕಪ್ಪಾಗಿ ತುಂಬಿಕೊಂಡಿತ್ತು. ಅತ್ತೆ ಸಣ್ಣ ಹುಡುಗಿಯ ಹಾಗೆ ಟಾಂಗಾದಿಂದ ಒಂದೇ ಹೆಜ್ಜೆಗೆ ಇಳಿದರು. ಆಮೇಲೆ ಆದದ್ದು ನಿಮಗೆ ಗೊತ್ತು. ಕಾಲಿಗೆ ನೀರು.

ಅದರ ಮುಂದಿನದು ಹೇಳಿಲ್ಲ. ಕಾಲು ತೊಳೆದ ಮೇಲೆ ಪಾರ್ವತಮ್ಮ ಸೆರಗು ಒಡ್ಡಿ ನಿಂತರು.

"ಶಾಂತಗೆ ಪ್ರಸಾದ ಕೊಡ್ರಿ ಅಕ್ಕ. ನಾಳೆ ಹರಿಹರಕ್ಕೆ ಹೊಂಟೀನಿ. ಡಾಕ್ಟರು ಓಡಾಡಬ್ಯಾಡ ಅಂದಾರಂತೆ ಅವಳಿಗೆ. ಹೆರಿಗಿ ತನಕ ನಾನೇ ಅಲ್ಲಿರ್ತೀನಿ."

"ಯಾವ ಪ್ರಸಾದ?" ಅಂದರು ಮಾವ. ಅವರದು ದೊಡ್ಡ ಗಂಟಲು. ಬೀದಿಗೆಲ್ಲ ಕೇಳಿತು.

ಅತ್ತೆ ಮಾವನ ಮುಖ ನೋಡಲಿಲ್ಲ. ನನ್ನ ಮುಖ ನೋಡಿದರು. ಏನು ಕಂಡಿತೋ. ಟಾಂಗಾದವನು ಇಳಿಸಿದ್ದ ಚೀಲದಿಂದ ತಮ್ಮ ಪೂಜೆಯ ಪೆಟ್ಟಿಗೆ ತೆಗೆದರು. ವಿಭೂತಿಯ ಗಟ್ಟಿಯನ್ನು ಮುರಿದು ಒಂದು ತುಂಡನ್ನು ಪಾರ್ವತಮ್ಮನ ಸೆರಗಿಗೆ ಹಾಕಿದರು.

"ಇದು ನಾನು ಅಲ್ಲಿ ದಿನಾ ಲಿಂಗಪೂಜಿಗೆ ಹಚ್ಚಿಕೊಂಡಿದ್ದು. ನನ್ನ ಹತ್ರ ಇರಾದು ಇಷ್ಟೇ ತಂಗಿ. ಕೂಸು ಚೆಂದಾಗಿ ಬರ್ಲಿ."

ಒಂದು ಅಕ್ಷರವೂ ಸುಳ್ಳಿಲ್ಲ. ನನ್ನ ಗುಟ್ಟೂ ಹೊರಬೀಳಲಿಲ್ಲ. ನಾಲ್ಕನೇ ತರಗತಿಯನ್ನೂ ಮುಗಿಸದ ಹೆಂಗಸು, ಬಸ್ಸಿನ ಧೂಳಿನ್ನೂ ಮೈಮೇಲಿರುವಾಗ, ನನ್ನನ್ನು ಕಾಪಾಡಲು ಅಂಥ ಮಾತು ಹುಡುಕಬೇಕಾಯಿತು.

ಒಳಗೆ ಬಂದು ನಾನು ಎಲ್ಲವನ್ನೂ ಹೇಳಿದೆ. ಡ್ರಾಯರಿನಿಂದ ಮುಡಿಪು ತೆಗೆದು ಅವರ ಮುಂದೆ ಇಟ್ಟೆ. ಹಳದಿ ಬಟ್ಟೆಯ ಮೇಲೆ ಎಣ್ಣೆಯ ಕಲೆಯಾಗಿತ್ತು, ಮೆಷಿನ್ನಿನದು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಮ್ಮವರು ಮಾತ್ರ, "ಕಾನ್ವೆಂಟಿನಾಗೆ ಇದನ್ನೇ ಕಲಿಸಿದ್ರೇನು?" ಅಂತ ಚುಚ್ಚಿದರು. ಮಾವ ಅವರನ್ನು ಸುಮ್ಮನಿರಿಸಿದರು.

ಆಮೇಲೆ ಅತ್ತೆ ಕೇಳಿದರು, "ನಾವು ಅಲ್ಲಿ ಸುಮ್ನೆ ಕುಂತಿದ್ದು ನಿನಗೆ ಅಷ್ಟು ನಾಚ್ಕಿ ಆತೇನವ್ವ?"

ನಾನು ಡ್ರಾಯರು ಮುಚ್ಚಲು ಎದ್ದೆ.

"ಮುಂದಿನ ವರ್ಷ ಹೋಗಾದು ಬ್ಯಾಡ ಬಿಡ್ರಿ," ಅಂದರು ಮಾವನ ಕಡೆ ತಿರುಗಿ. ಸಿಟ್ಟಿನಲ್ಲಿ ಅಲ್ಲ. ಪಕ್ಕದ ಮನೆಯಿಂದ ತಂದ ಪಾತ್ರೆಯನ್ನು ವಾಪಸು ಕೊಡುವವರ ಹಾಗೆ. ಆಮೇಲೆ ಟ್ರಂಕಿನಿಂದ ಒಂದು ಟವೆಲಿನ ಗಂಟು ತೆಗೆದು, ಬಿಚ್ಚದೆಯೇ, ಅಟ್ಟದ ಮೇಲೆ ಹಿಂದಕ್ಕೆ ತಳ್ಳಿದರು. ಒಳಗೆ ಚಿಪ್ಪುಗಳು ಒಂದಕ್ಕೊಂದು ತಾಗಿದ ಸದ್ದು ಕೇಳಿತು. ಬಂದ ತಕ್ಷಣ ನಮಗೆಲ್ಲ ತೋರಿಸಬೇಕೆಂದು ಇಟ್ಟುಕೊಂಡಿದ್ದರಂತೆ. ಅದನ್ನು ಮಾವ ಆಮೇಲೆ ಹೇಳಿದರು.

ನನ್ನ ನಾಚಿಕೆ ಈಗ ಅವರದಾಗಿತ್ತು. ಆರು ವಾರ ನಾಚದೆ ಸುಖವಾಗಿದ್ದವರಿಗೆ ನಾಚುವುದನ್ನು ನಾನು ಕಲಿಸಿದ್ದೆ.

ಬಂದು ಒಂದು ವಾರವಾಗಿತ್ತೋ ಇಲ್ಲವೋ, ಮಾವನ ಎದೆಯಲ್ಲಿ ಹಾರ್ಮೋನಿಯಂ ಮತ್ತೆ ಶುರುವಾಯಿತು. ಕುರ್ಚಿ, ಮಂಡಿ ಮೇಲೆ ಕೈ, ಅದೇ ಭಂಗಿ. ಅತ್ತೆ ಕಾಸಿದ ಬಟ್ಟೆಯ ಶಾಖ ಕೊಡುತ್ತ ಕೂತಿದ್ದರು. ಮುಂದಿನ ಪುಷ್ಯವೂ ಹೀಗೆಯೇ, ಅದರ ಮುಂದಿನದೂ ಹೀಗೆಯೇ ಅಂತ ನನಗೆ ಕಂಡಿತು. ಆ ದಿನ ಪ್ಯಾಸೆಂಜರ್ ರೈಲು ಹತ್ತಿ ಹರಿಹರಕ್ಕೆ ಹೋದೆ. ಮುಡಿಪು ಚೀಲದಲ್ಲಿತ್ತು.

ಶಾಂತಳ ಮನೆ ಹೊಳೆಯ ಕಡೆಗೆ. ತುಂಗಭದ್ರೆಯಿಂದ ಬರುವ ಗಾಳಿ ಸೀರೆಯೊಳಗೆಲ್ಲ ನುಗ್ಗುತ್ತಿತ್ತು. ಹಿತ್ತಲಲ್ಲಿ ಒಂದು ತುಂಡು ಬಿಸಿಲು. ಅದರಲ್ಲಿ ಪಾರ್ವತಮ್ಮ ಕಾಲು ಚಾಚಿ ಕೂತು ಮಂಡಿಗೆ ಎಣ್ಣೆ ಉಜ್ಜುತ್ತಿದ್ದರು. ಬಿಸಿಲು ಸರಿದರೆ ತಾವೂ ಸರಿಯುತ್ತಿದ್ದರು. ಒಳಗೆ ಶಾಂತ ಮಲಗಿದ್ದಳು. ಅವಳ ಸೆರಗಿನ ತುದಿಯಲ್ಲಿ ಸಣ್ಣದೊಂದು ಗಂಟು. ಅತ್ತೆ ಕೊಟ್ಟ ವಿಭೂತಿ.

ಹಿತ್ತಲ ಬಾಗಿಲು ಹಾಕಿ, ಪಾರ್ವತಮ್ಮನ ಪಕ್ಕ ಕೂತು ಹೇಳಿದೆ. ಹೇಳಿ ಮುಗಿಸುವ ತನಕ ಅವರ ಕೈ ಮಂಡಿಯ ಮೇಲೆ ತಿರುಗುತ್ತಲೇ ಇತ್ತು. ಮುಡಿಪು ಹೊರಗೆ ತೆಗೆದಾಗ ನಿಂತಿತು.

"ಇದು ಎಲ್ಲಿತ್ತು?"

"ನನ್ನ ಹೊಲಿಗೆ ಮೆಷಿನ್ನಿನಾಗೆ."

"ಇಷ್ಟು ದಿನಾನೂ?"

"ಹೌದ್ರಿ."

"ಒಪ್ಪಿಸಿದಾರೆ ಅಂದ್ಯಲ್ಲ. ಕಾಗದ ಕೈಯಾಗೆ ಹಿಡ್ಕಂಡು ಅಂದಿ."

ನಾನು ನೆಲ ನೋಡುತ್ತಿದ್ದೆ. ಎಣ್ಣೆಯ ಬಟ್ಟಲಿನ ಸುತ್ತ ಇರುವೆಗಳು ಸಾಲು ಹಿಡಿದಿದ್ದವು.

"ನಿಮ್ಮತ್ತಿಗೆ ಗೊತ್ತಿತ್ತಾ ಇದು? ಗೊತ್ತಿದ್ದೇ ಕಾಲು ಒಡ್ಡಿದ್ಲಾ?"

"ಅವರಿಗೆ ಏನೂ ಗೊತ್ತಿರಲಿಲ್ರಿ. ಬಾಗಿಲಾಗೆ ನಿಂತಾಗಲೇ ತಿಳಿದಿದ್ದು."

"ಹಂಗಾರೆ ಅವಳದೇನೂ ಇಲ್ಲ." ಅವರು ಗಂಟನ್ನು ಮೂಸಿ ನೋಡಿದರು. "ಮ್ಯಾಲೆ ಮೆಷಿನ್ ಎಣ್ಣಿ ವಾಸನಿ." ಸೆರಗಿನಿಂದ ಕಲೆಯನ್ನು ಉಜ್ಜಿದರು. ಹೋಗಲಿಲ್ಲ. ಮತ್ತೆ ಉಜ್ಜಿದರು. ಅವರ ಕಣ್ಣಲ್ಲಿ ನೀರು ಬಂದದ್ದು ನೋಡಿ ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತು.

"ಶಾಂತಗೆ ಹೇಳಬ್ಯಾಡ," ಅಂದರು ಕೊನೆಗೆ. "ಹೆರಿಗಿ ಆಗ್ಲಿ. ಮುಡಿಪು ಮುಟ್ಟೈತೆ ಅಂತ ಧೈರ್ಯವಾಗಿ ಮಲಗೈತೆ ಹುಡುಗಿ. ಈಗ ಕೇಳಿದ್ರೆ ನಾನೂ ಮುಟ್ಟೈತೆ ಅನ್ನಬೇಕಾತು. ನಿನ್ನ ಸುಳ್ಳು ನನ್ನ ಬಾಯಿಗೆ ಬಂತು ನೋಡು."

ಇದಕ್ಕಿಂತ ದೊಡ್ಡ ಏಟು ನನಗೆ ಯಾವ ಸಿಸ್ಟರೂ ಕೊಟ್ಟಿರಲಿಲ್ಲ.

ಬಿಸಿಲು ಸರಿಯಿತು. ಅವರು ಸರಿಯಲಿಲ್ಲ. ನಾನು ಎದ್ದು ನಿಂತೆ. ಆಗ ಕೇಳಿದರು, ಬೇರೆಯದೇ ದನಿಯಲ್ಲಿ.

"ಹಂಗಾರೆ ಅಲ್ಲಿ ಏನ್ ಮಾಡ್ತಿದ್ರು ಅವರು?"

"ಏನೂ ಇಲ್ರಿ. ಮರಳಿನ ಮ್ಯಾಲೆ ಕುಂತಿರ್ತಿದ್ರಂತೆ."

"ಬರೇ ಕುಂದ್ರಾದಾ?"

"ಹೌದ್ರಿ."

"ಬೆಚ್ಚಗಿತ್ತಂತಾ?"

"ಪುಷ್ಯದಾಗೂ ಬೆವರ್ತಿದ್ರಂತೆ."

ಪಾರ್ವತಮ್ಮ ತಮ್ಮ ಮಂಡಿಯನ್ನು ನೋಡಿಕೊಂಡರು. "ಮೂರು ಚಳಿಗಾಲ ಆತು. ಕುಂತ್ರೆ ಏಳಾಕೆ ಬರಂಗಿಲ್ಲ. ಗೋಡಿ ಹಿಡಿಬೇಕು. ನಮ್ಮನಿಯವರಿಗೆ ಹೇಳಿದ್ರೆ ವಯಸ್ಸಾತು ಬಿಡು ಅಂತಾರೆ." ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ನಲ್ಲಿ ಹತ್ರ ನಿಜ ಹೇಳಿದ್ರೆ ನಾನೂ ಕೇಳ್ತಿದ್ದೆ ನಿಮ್ಮತ್ತಿನ. ಅಕ್ಕ, ನಾನೂ ಬರ್ಲಾ ಅಂತ. ಈ ಮುಡಿಪು ನನ್ನ ಕೈಲೇ ಒಪ್ಪಿಸ್ತಿದ್ದೆ. ಗೋಕರ್ಣ ಅಂದಿ. ಗುಡಿಗೆ ಹೋಗೋರ ಹಿಂದೆ ಮಂಡಿನೋವು ಅಂತ ಹೆಂಗೆ ಹೋಗ್ಲಿ?"

ನಾನು ಬೀದಿಗೆ ಹೆದರಿ ಸುಳ್ಳು ಹೇಳಿದ್ದೆ. ಆ ಬೀದಿಯಲ್ಲಿ ಮೊದಲು ನಿಂತಿದ್ದವರಿಗೆ ಬೇಕಾಗಿದ್ದದ್ದು ನಿಜ ಒಂದೇ. ಚಳಿಗೆ ಬೆಚ್ಚಗಿರಲು ಹೋಗುವವರೂ ಇದ್ದಾರೆ ಅಂತ ಒಂದು ಮಾತು. ನಾನು ಅದನ್ನು ಅವರಿಂದ ಮುಚ್ಚಿಟ್ಟೆ, ಮರ್ಯಾದೆ ಉಳಿಸುತ್ತಿದ್ದೇನೆ ಅಂದುಕೊಂಡು.

ಕಾಫಿ ಕುಡಿದು ಹೋಗು ಅಂತ ಅವರು ಹೇಳಲಿಲ್ಲ. ನಾನು ನಿರೀಕ್ಷಿಸಲೂ ಇಲ್ಲ.

ಶಾಂತಳಿಗೆ ಹೆಣ್ಣು ಮಗುವಾಯಿತು. ಸುದ್ದಿ ಬಂದ ದಿನ ನಾನು ದೇವರ ಮುಂದೆ ನಿಂತದ್ದು ಎಷ್ಟು ಹೊತ್ತೋ ಗೊತ್ತಿಲ್ಲ. (ಅಕಸ್ಮಾತ್ ಬೇರೆ ಸುದ್ದಿ ಬಂದಿದ್ದರೆ? ಈ ಪ್ರಶ್ನೆಯನ್ನು ನಾನು ಪೂರ್ತಿ ಕೇಳಿಕೊಳ್ಳಲು ಈಗಲೂ ಆಗುವುದಿಲ್ಲ.)

ಹೋದ ವಾರ ಪಾರ್ವತಮ್ಮ ಹರಿಹರದಿಂದ ಬಂದರು. ಬೀದಿಗೆಲ್ಲ ಸಕ್ಕರೆ ಹಂಚಿ, ಕೊನೆಗೆ ನಮ್ಮ ಮನೆಗೆ. ನನಗೂ ಕೊಟ್ಟರು. ಮುಖ ಕೊಟ್ಟು ಮಾತಾಡಿದ್ದು ಮಾತ್ರ ಅತ್ತೆಯ ಜೊತೆ.

"ಶಾಂತಗೆ ಎಲ್ಲಾ ಹೇಳ್ದೆ. ಒಂದಿನ ಮಾತಾಡ್ಲಿಲ್ಲ. ನಿಮ್ಮ ಸೊಸಿ ಮ್ಯಾಲಲ್ಲ ಸಿಟ್ಟು, ನನ್ನ ಮ್ಯಾಲೆ. ಅವ್ವ ನೀನೂ ಸುಳ್ಳು ಹೇಳಿದ್ಯಲ್ಲ ಅಂತ."

ನಾನು ಸಕ್ಕರೆಯನ್ನು ಕೈಯಲ್ಲಿಯೇ ಹಿಡಿದು ನಿಂತಿದ್ದೆ. ಬೆವರಿಗೆ ಕರಗಿ ಅಂಟಂಟಾಯಿತು.

"ಈಗ ಕೂಸಿಗೆ ಆ ವಿಭೂತಿನೇ ಹಚ್ತಾಳೆ ದಿನಾ," ಅಂದರು. "ಅದು ಇರ್ಲಿ ಅಕ್ಕ. ಮುಡಿಪು ಬಾಕಿ ಐತಲ್ಲ. ಮುಂದಿನ ಪುಷ್ಯಕ್ಕೆ ನೀವು ಹೋಗಾದಾದ್ರೆ ನಾನೂ ಬರ್ತೀನಿ. ಮೊದ್ಲು ಗುಡಿ, ಆಮೇಲೆ ಮಂಡಿ."

"ನಾವು ಹೋಗಾದು ಬ್ಯಾಡ ಅಂದ್ಕಂಡೀವಿ," ಅಂದರು ಅತ್ತೆ.

"ಯಾಕ? ಕುಂದ್ರಾಕೆ ಬ್ಯಾಸರ ಆತಾ?"

ಕುರ್ಚಿಯಲ್ಲಿ ಕೂತಿದ್ದ ಮಾವ ಪೇಪರು ಕೆಳಗಿಳಿಸಿದರು. ಅವರು ಉಸಿರು ಹಿಡಿದಿದ್ದು ನನಗೆ ಕಂಡಿತು. ಈ ಸಲ ದಮ್ಮಿನಿಂದ ಅಲ್ಲ.

ಅತ್ತೆ ನನ್ನ ಕಡೆ ತಿರುಗಿದರು. ಇಷ್ಟು ತಿಂಗಳಲ್ಲಿ ಅವರು ನನ್ನ ಕಣ್ಣನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ನಾಳೆ ನಲ್ಲಿ ಹತ್ರ ಕೇಳ್ತಾರೆ. ಎಲ್ಲಿಗೆ ಹೊಂಟಾರೆ ನಿಮ್ಮತ್ತಿ ಮಾವ, ಅಂತ. ಈ ಸಲ ಏನ್ ಹೇಳ್ತಿಯವ್ವ?"

"ಸಮುದ್ರಕ್ಕೆ," ಅಂದೆ. "ಬೆಚ್ಚಗಿರಾಕೆ."

"ಇಷ್ಟು ಸಣ್ಣ ದನಿಯಾಗೆ ಅಂದ್ರೆ ಯಾರಿಗೆ ಕೇಳ್ತೈತೆ?" ಅಂದರು ಅತ್ತೆ.

ಪಾರ್ವತಮ್ಮ ನಕ್ಕರು. ನನಗೆ ನಗಲಾಗಲಿಲ್ಲ. ಅತ್ತೆಯೂ ನಗಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದರು. ಚಿಪ್ಪಿನ ಗಂಟು ಇನ್ನೂ ಅಟ್ಟದ ಮೇಲೆಯೇ ಇದೆ.

ನಮ್ಮ ಬೀದಿಯಲ್ಲಿ ಈ ಪತ್ರಿಕೆ ತರಿಸುವುದು ಎರಡೋ ಮೂರೋ ಮನೆಯವರು. ಆದರೆ ಕಟ್ಟೆಯ ಮೇಲೆ ಗಟ್ಟಿಯಾಗಿ ಓದುತ್ತಾರೆ; ಓದು ಬರದವರೂ ಸುತ್ತ ಕೂತು ಕೇಳುತ್ತಾರೆ.

ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ: ನಮ್ಮ ಅತ್ತೆ ಮಾವ ಗೋಕರ್ಣಕ್ಕೆ ಹೋಗಿರಲಿಲ್ಲ, ಸಮುದ್ರದ ದಂಡೆಯಲ್ಲಿ ಸುಮ್ಮನೆ ಬೆಚ್ಚಗೆ ಕೂರಲು ಹೋಗಿದ್ದರು, ಮುಂದಿನ ಚಳಿಗೂ ಅವರು ಹೋಗಬೇಕು.

ಇಷ್ಟು ದನಿ ಸಾಕೇ, ಅತ್ತೆ?